ಒತ್ತಬಾರದಿದ್ದ ಗುಂಡಿ

ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಜನ ತಮಗೆ ಬೇಕಾದ ಹಾಡುಗಳ ಪಟ್ಟಿ ತರುತ್ತಿದ್ದರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆ. ಈಗ ಅದೇ ಅಂಗಡಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಪಹಣಿ ತೆಗೆದುಕೊಡುತ್ತೇನೆ, ಅರ್ಜಿ ತುಂಬುತ್ತೇನೆ. ಹಳೆಯ ಕ್ಯಾಸೆಟ್ ಡೆಕ್ ಮಾತ್ರ ಕಪಾಟಿನ ಮೇಲೆ ಉಳಿದಿದೆ. ಅದನ್ನು ಗುಜರಿಗೆ ಹಾಕು ಎಂದವರ ಮೇಲೆ ಹರಿಹಾಯ್ದಿದ್ದೇನೆ.

ಆ ಡೆಕ್ಕಿನಲ್ಲಿ ಸದ್ದು ತಗ್ಗಿಸುವ ಗುಂಡಿಯೊಂದಿದೆ. ಟೇಪು ಓಡುವಾಗ ಹಿಂದಿನಿಂದ ‘ಸುಯ್’ ಎಂದು ಕೇಳುತ್ತದಲ್ಲ, ಅದನ್ನು ಅಡಗಿಸುವುದು ಅದರ ಕೆಲಸ. ಅದಕ್ಕೊಂದು ನಿಯಮವಿದೆ. ತುಂಬಿಸುವಾಗ ಗುಂಡಿ ಒತ್ತಿದ್ದರೆ ಮಾತ್ರ ಕೇಳುವಾಗಲೂ ಒತ್ತಬೇಕು. ಹಾಗೆ ತುಂಬಿಸದ ಟೇಪಿಗೆ ಒತ್ತಿದರೆ ಸುಯ್ ಜೊತೆಗೆ ಸಣ್ಣ ಸಣ್ಣ ಸದ್ದುಗಳೂ ಸತ್ತು, ಹಾಡು ಕೌದಿಯೊಳಗಿಂದ ಬಂದಂತೆ ಕೇಳುತ್ತದೆ. ಇದು ನನಗೆ ಬಾಯಿಪಾಠ. ಆದರೆ ನನ್ನ ಗಿರಾಕಿಗಳಿಗೆ ನಿಯಮ ಯಾರಿಗೆ ಬೇಕಿತ್ತು? ಕ್ಯಾಸೆಟ್ ಹಚ್ಚಿದ ಕೂಡಲೇ ಕಿವಿ ನಿಮಿರಿಸಿ, “ಸುಯ್ ಅನ್ನಾಕತ್ತೈತಲ್ರಿ, ಇದೆಂಥಾ ರಿಕಾರ್ಡಿಂಗ್ ಮಾಡೀರಿ?” ಎಂದು ತಿರುಗಿ ಕೊಡುತ್ತಿದ್ದರು. ಸುಯ್ ಇಲ್ಲದಿದ್ದರೆ ಭಾರಿ ಮಾಲು, ಇದ್ದರೆ ಖೊಟ್ಟಿ. ಹೀಗಾಗಿ ಎಂಥ ಟೇಪೇ ಬರಲಿ, ಮೊದಲು ಆ ಗುಂಡಿ ಒತ್ತುವುದು, ಆಮೇಲೆ ಉಳಿದದ್ದು. ವರ್ಷಗಟ್ಟಲೆ ಮಾಡಿ ಮಾಡಿ ಅದು ಬೆರಳಿಗೆ ಅಂಟಿದ ಚಟವಾಯಿತು.

ಹೋದ ವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಅವಳಿರುವುದು ಅಗರಖೇಡದಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಬಲಗೈ ಬಲಗಾಲು ಬಿದ್ದವು, ಅದಕ್ಕಿಂತ ಹೆಚ್ಚಾಗಿ ಮಾತು ಹೋಯಿತು. ನಾವು ಆಡಿದ್ದೆಲ್ಲ ಅವಳಿಗೆ ತಿಳಿಯುತ್ತದೆ. ತಾನು ಆಡಲು ಹೋದರೆ ಬಾಯಿ ತೆರೆಯುತ್ತದೆ, ದನಿ ಬರುವುದಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ ಅದು. ಅವಳು ಹಾಗೆ ಬಾಯಿ ತೆರೆದಾಗಲೆಲ್ಲ ನಾನು ಹೊರಗೆ ಎದ್ದು ಹೋಗುತ್ತಿದ್ದೆ. ನೋಡಲಾಗುತ್ತಿರಲಿಲ್ಲ.

ವಿಜಯಪುರದ ಆಸ್ಪತ್ರೆಯೊಂದರಲ್ಲಿ ಮಾತು ಕಲಿಸುವ ಹೆಣ್ಣುಮಗಳೊಬ್ಬರು ನಮಗೊಂದು ದಾರಿ ಹೇಳಿದರು. “ಕೆಲವ್ರಿಗೆ ಮಾತು ಬರದಿದ್ರೂ ಹಾಡು ಬರತೈತ್ರಿ. ಇವ್ರು ಹಾಡಿದ್ದು ಏನರ ಇದ್ರ ಹಚ್ಚಿ ಕೇಳಸ್ರಿ. ಜೊತಿಗಿ ದನಿ ಕೂಡಿಸಿದ್ರ ಅಲ್ಲಿಂದ ಮಾತಿಗೆ ಬರಬಹುದು.”

ಇತ್ತು. ಒಂದೇ ಒಂದು ಕ್ಯಾಸೆಟ್. ಅಂಗಡಿ ಶುರು ಮಾಡಿದ ಹೊಸತರಲ್ಲಿ ಸಣ್ಣ ಟೇಪ್ ರೆಕಾರ್ಡರ್ ಹಿಡಿದು ಅವ್ವನ ಬೀಸುವ ಪದಗಳನ್ನು ತುಂಬಿಸಿದ್ದೆ. ಸುಮ್ಮನೆ ಕೂತು ಹಾಡು ಅಂದರೆ ಅವಳಿಗೆ ಒಂದು ಸಾಲೂ ನೆನಪಾಗಲಿಲ್ಲ. ಕೊನೆಗೆ ತಾನೇ ಎದ್ದು ಮೊರದಲ್ಲಿ ಜೋಳ ತಂದು, ಮಟಮಟ ಮಧ್ಯಾಹ್ನ ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತಳು. ಕಲ್ಲು ತಿರುಗಿದ ಕೂಡಲೇ ಪದ ತಾನಾಗಿ ಬಂತು. ನನಗೋ ಕಲ್ಲಿನ ಸುಯ್ ಸುಯ್ ಸಪ್ಪಳದ್ದೇ ಕಿರಿಕಿರಿ.

“ಕಲ್ಲ ನಿಲ್ಲಸಬೇ ಅವ್ವಾ, ಬರೇ ಪದಾ ಸಾಕು.”

“ಕಲ್ಲ ನಿಂತ್ರ ಪದಾನೂ ನಿಂದರತೈತಿ. ಬೇಕಂದ್ರ ತುಂಬಸ್ಕೋ, ಬ್ಯಾಡಂದ್ರ ಎದ್ದ ಹೋಗು.”

ತುಂಬಿಸಿಕೊಂಡೆ. ಆ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಸದ್ದು ತಗ್ಗಿಸುವ ಗುಂಡಿಯೇ ಇರಲಿಲ್ಲ.

ಮೂವತ್ತು ವರ್ಷ ಡಬ್ಬಿಯಲ್ಲಿದ್ದ ಕ್ಯಾಸೆಟ್ ಹೊರಗೆ ತೆಗೆದು ನೋಡಿದೆ. ಟೇಪಿನ ಮೇಲಿನ ಕಂದು ಲೇಪ ಪುಡಿಪುಡಿಯಾಗಿ ಬೆರಳಿಗೆ ಹತ್ತುತ್ತಿತ್ತು. ಹಾಡು ಇರುವುದೇ ಆ ಲೇಪದಲ್ಲಿ. ಓಡಿದರೆ ಒಮ್ಮೆ ಓಡೀತು, ಎರಡನೆಯ ಸಲದ ಭರವಸೆ ಇಲ್ಲ. ಡೆಕ್ಕಿಗೆ ಹೊಸ ಬೆಲ್ಟು ಹಾಕಿದೆ, ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಅರಳೆಯಿಂದ ಒರೆಸಿದೆ, ಕಂಪ್ಯೂಟರಿಗೆ ವೈರು ಜೋಡಿಸಿದೆ. ಅಂಗಡಿಯ ಬಾಗಿಲು ಎಳೆದುಕೊಂಡೆ. ಬಿಸ್ಮಿಲ್ಲಾ ಎಂದು ಟೇಪು ಓಡಿಸಿದೆ.

ಅವ್ವನ ದನಿ ಬಂತು. ನಾನು ಅತ್ತುಬಿಟ್ಟೆ. ಎಷ್ಟು ಸ್ವಚ್ಛ ಬಂದಿದೆ, ಒಂದಿಷ್ಟೂ ಸುಯ್ ಇಲ್ಲವಲ್ಲ ಎಂದು ಹೆಮ್ಮೆಯನ್ನೂ ಪಟ್ಟೆ. ಟೇಪಿನ ಒಂದು ಬದಿ ಮುಗಿಯಿತು. ಹೆಡ್ಡಿಗೆ ಮೆತ್ತಿದ ಪುಡಿ ಒರೆಸಲು ಬಗ್ಗಿದಾಗಷ್ಟೇ ಕಂಡಿತು, ಗುಂಡಿ ಒಳಗೆ ಹೋಗಿದೆ. ನಾನೇ ಒತ್ತಿದ್ದೆ. ಯಾವಾಗ ಒತ್ತಿದೆನೋ ನನಗೇ ಗೊತ್ತಿಲ್ಲ. ಗುಂಡಿ ಬಿಟ್ಟು ಮತ್ತೆ ಓಡಿಸಲು ಹೋದೆ. ಟೇಪು ಕಿರ್ರೆಂದು ಒದರಿ ರೋಲರಿಗೆ ಸುತ್ತಿಕೊಂಡು ಹರಿಯಿತು. ಬಿಡಿಸಿ ಅಂಟಿಸಿದೆ. ಅಂಟಿಸಿದ್ದು ಓಡಿತು, ಆದರೆ ಲೇಪವೆಲ್ಲ ಉದುರಿ ಅದರಲ್ಲಿ ಕೇಳಲು ಏನೂ ಉಳಿದಿರಲಿಲ್ಲ. ಕಂಪ್ಯೂಟರಿನಲ್ಲಿ ಮೊದಲು ತುಂಬಿಸಿಕೊಂಡಿದ್ದನ್ನೇ ಏನೇನೋ ಏರಿಸಿ ಇಳಿಸಿ ನೋಡಿದೆ. ಸುಯ್ ಮರಳಿ ಬಂತು, ಬೇಕಾದದ್ದು ಬರಲಿಲ್ಲ.

ಆದರೂ ಪದ ಇದೆಯಲ್ಲ, ದನಿ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಅದನ್ನೇ ಮೊಬೈಲಿಗೆ ಹಾಕಿಕೊಂಡು ಇಂಡಿಯಲ್ಲಿ ಬಸ್ಸು ಬದಲಿಸಿ ಅಗರಖೇಡಕ್ಕೆ ಹೋದೆ. ಅಕ್ಕ ಅವ್ವನನ್ನು ದಿಂಬಿಗೆ ಒರಗಿಸಿ ಕೂಡಿಸಿದ್ದಳು. ಮೊಬೈಲನ್ನು ಹಾಸಿಗೆಯ ಮೇಲಿಟ್ಟು ಹಚ್ಚಿದೆ.

ಅವ್ವ ತನ್ನ ದನಿಯನ್ನು ಗುರುತಿಸಿದಳು. ಕಣ್ಣು ಅರಳಿದವು. ಚೆನ್ನಾಗಿದ್ದ ಎಡಗೈ ಹಾಸಿಗೆಯ ಮೇಲೆ ಮೆಲ್ಲಗೆ ಸುತ್ತತೊಡಗಿತು. ಅರ್ಧ ಸುತ್ತಿ ನಿಂತಿತು. ಮತ್ತೆ ಶುರುವಿನಿಂದ ಸುತ್ತಿತು, ಮತ್ತೆ ನಿಂತಿತು. ಯಾವುದರ ಮೇಲೆ ಕೈ ಊರಬೇಕೆಂದು ಅವಳು ಹುಡುಕುತ್ತಿದ್ದಳೋ ಅದು ಸಿಗುತ್ತಿರಲಿಲ್ಲ. ತುಟಿ ಅಲುಗಲಿಲ್ಲ. ಪದ ತನ್ನ ಪಾಡಿಗೆ ತಾನು ಹಾಡಿಕೊಂಡು ಹೋಯಿತು.

“ಕಲ್ಲಿನ ಸಪ್ಪಳಾ ಎಲ್ಲಿ ಹೋತೋ ತಮ್ಮಾ?” ಅಕ್ಕ ಕೇಳಿದಳು.

“ಹೋತು ಆಪಾ. ನಾನ ತಗದೇನಿ.”

“ಯಾಕ?”

“ಸ್ವಚ್ಛ ಕೇಳ್ಲಿ ಅಂತ… ಕೈ ತಾನ ಹೋತು.”

“ಮತ್ತ ಹಾಕಾಕ ಬರೂದಿಲ್ಲೇನು?”

“ಬರೂದಿಲ್ಲ.”

ಅಕ್ಕ ಎದ್ದು ಹೊರಗೆ ಹೋದಳು. ನೆರೆಮನೆಯಿಂದ ಬೀಸುವ ಕಲ್ಲು ತಂದು ಮಂಚದ ಪಕ್ಕದಲ್ಲೇ ಬೀಸಿ ನೋಡಿದಳು. ಕಲ್ಲೊಂದು ಗತಿಯಲ್ಲಿ, ಪದವೊಂದು ಗತಿಯಲ್ಲಿ. ಎರಡೂ ಕೂಡಿಬರಲೇ ಇಲ್ಲ. ಅವಳು ಬೆವರು ಒರೆಸಿಕೊಂಡು ಎದ್ದಳು.

ಅವ್ವ ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನೇ ದಿಟ್ಟಿಸಿ ನೋಡಿದಳು. ಹುಬ್ಬು ಗಂಟಿಕ್ಕಿತು, ಗದ್ದ ಮುಂದೆ ಬಂತು, ಬಾಯಿ ತೆರೆಯಿತು. ಆ ಮುಖ ನನಗೆ ಚಿಕ್ಕಂದಿನಿಂದ ಗೊತ್ತು. ಈ ಸಲ ನಾನು ಎದ್ದು ಹೊರಗೆ ಹೋಗಲಿಲ್ಲ. ಬೈಯಲಿ, ಮನಸಾರೆ ಬೈಯಲಿ ಎಂದು ಕಾಯುತ್ತ ಕೂತೆ.

ಬೈಗುಳವೂ ಬರಲಿಲ್ಲ.