ಮಡಿಲಲ್ಲಿ ಉಳಿದ ಚೀಲ

ಮೊನ್ನೆ ಕಪಾಟಿನ ಮೇಲಿಂದ ಏನೋ ಮೆತ್ತಗೆ ತಲೆಗೆ ತಾಗಿತು. ಹಲ್ಲಿಯೇ ಬಿತ್ತೆಂದು, ಕತ್ತೆತ್ತಿ ನೋಡುವ ಮೊದಲೇ ಪಂಚಾಂಗದಲ್ಲಿ ಫಲ ಹುಡುಕಲು ಹೊರಟೆ. ನೋಡಿದರೆ ಹಳೆಯ ರೆಕ್ಸಿನ್ ಚೀಲದ ನೇತಾಡುವ ಹಿಡಿ... ಚೀಲ ಇಳಿಸಿದಾಗ ಆ ಅಕ್ಕ ನೆನಪಾದರು. ಹೆಸರು ಗೊತ್ತಿಲ್ಲ.

ನಮ್ಮ ಸಿಟಿ ಬಸ್ಸುಗಳಲ್ಲಿ ಸೀಟು ಸಿಕ್ಕವರು ನಿಂತವರ ಚೀಲವನ್ನು ಮಡಿಲಿಗೆ ತೆಗೆದುಕೊಳ್ಳುತ್ತಾರೆ. ಮಾತಿಲ್ಲ, ಸುಮ್ಮನೆ ಕೈ ಚಾಚುತ್ತಾರೆ. ಅಂದು ನಂತೂರಿನಲ್ಲಿ ಹತ್ತಿದಾಗ ಜನರ ನಡುವಿನಿಂದ ಬಳೆ ತೊಟ್ಟ ಒಂದು ಕೈ ಬಂತು, ಚೀಲ ಕೊಟ್ಟೆ. ಒಳಗೆ ಅಮ್ಮನ ಎಕ್ಸ್‌ರೇ, ರಿಪೋರ್ಟುಗಳು. ಅವನ್ನು ನೋಡಿ, ಆಪರೇಷನ್ ಬೇಕೇ ಬೇಡವೇ ಎಂದು ಅತ್ತಾವರದ ಡಾಕ್ಟರು ಮಧ್ಯಾಹ್ನದೊಳಗೆ ಹೇಳುವವರಿದ್ದರು.

ಅತ್ತಾವರಕ್ಕೆ ಬಸ್ಸು ಬದಲಿಸಬೇಕಾದ ಬಲ್ಮಠದಲ್ಲಿ, ಆ ನೂಕುನುಗ್ಗಲಿನಲ್ಲಿ ಇಳಿಯಲಾಗದೆ ಹೋದರೆ ಎಂಬ ಚಿಂತೆಯಲ್ಲಿ ನಾನು ಮೂರು ಸ್ಟಾಪ್ ಮೊದಲೇ ಬಾಗಿಲಿಗೆ ಹೋಗಿ ನಿಂತೆ. ಬಲ್ಮಠ ಬಂತು, ಎಲ್ಲರಿಗಿಂತ ಮೊದಲು ಹಾರಿದೆ. ಬಸ್ಸು ಹೋಯಿತು. ಚೀಲವೂ.

ರಿಕ್ಷಾ ಹಿಡಿದು ಕೊನೆಯ ಸ್ಟಾಪಿನವರೆಗೂ ಬೆನ್ನಟ್ಟಿದೆ. ಕಂಡಕ್ಟರ್ ನಕ್ಕ. "ಆ ಅಕ್ಕ ಬಲ್ಮಠ ಕಳೆದ ಕೂಡ್ಲೆ ಇಳಿದ್ರು. ನೀವು ಹಿಂದಿನಿಂದ ಓಡಿ ಬರ್ತೀರಿ ಅಂತ ಅಲ್ಲೇ ನಿಂತಿದ್ದಾರೆ!"

ತಿರುಗಿ ಬಂದಾಗ ಅವರು ರಸ್ತೆ ಬದಿಯ ಬಿಸಿಲಿನಲ್ಲಿದ್ದರು. ನನಗೆ ಕಂಡದ್ದು ಚೀಲ ಮಾತ್ರ.

"ಎಂತ ಮಾರಾಯ್ರೆ, ನಾನಿಲ್ಲಿ ಕೈ ಬೀಸಿ ಬೀಸಿ ಸಾಕಾಯ್ತು, ನೀವು ರಿಕ್ಷಾದಲ್ಲಿ ರಾಜರ ಹಾಗೆ ಹೋದ್ರಿ!"

"ಅಮ್ಮನದ್ದು ಅಕ್ಕಾ, ಅಮ್ಮನದ್ದು..." ಎನ್ನುತ್ತಾ ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಕಾಗದ ತೆಗೆದು ಪರೀಕ್ಷಿಸತೊಡಗಿದೆ.

"ನೋಡಿ, ನೋಡಿ. ನಾನೆಂತ ಎಕ್ಸ್‌ರೇ ತಿಂತೇನಾ?" ಧ್ವನಿಯಲ್ಲಿ ನಗುವಿತ್ತು. "ನನ್ನ ಬಸ್ಸು ಬಂತು. ಅಮ್ಮನಿಗೆ ಕಡಿಮೆ ಆಗ್ತದೆ, ಹೆದರ್ಬೇಡಿ."

ಎಲ್ಲ ಸರಿಯಿದೆಯೆಂದು ಖಾತ್ರಿಯಾಗಿ ತಲೆಯೆತ್ತುವಾಗ ಬಸ್ಸು ಹೊರಟಿತ್ತು... ಎಷ್ಟು ಹೊತ್ತು ಕಾದರೋ, ಯಾವ ಕೆಲಸ ಬಿಟ್ಟು ನಿಂತರೋ.

ಆಪರೇಷನ್ ಆಯಿತು. ಅಮ್ಮ ಮತ್ತೆ ಹಲವು ವರ್ಷ ಇದ್ದರು. ಬಸ್ಸಿನಲ್ಲಿ ಯಾವ ಹೆಂಗಸು ನಕ್ಕರೂ ನನ್ನನ್ನು ತಿವಿದು, "ಇವಳಾ?" ಎಂದು ಕೇಳುತ್ತಿದ್ದರು. ನಾನು ಬಹಳ ಗೊತ್ತಿದ್ದವನಂತೆ "ಅಲ್ಲ" ಎನ್ನುತ್ತಿದ್ದೆ. ಮುಖವನ್ನೇ ಸರಿಯಾಗಿ ನೋಡಿರಲಿಲ್ಲವೆಂದು ಕೊನೆಗೂ ಹೇಳಲಿಲ್ಲ.

ಈಗ ತಿವಿಯಲು ಅಮ್ಮ ಇಲ್ಲ. ಬಸ್ಸಿನಲ್ಲಿ ಕೂತ ಹೆಂಗಸರ ಮುಖವನ್ನು ನಾನೇ ಒಂದೊಂದಾಗಿ ನೋಡುತ್ತೇನೆ. ಈ ವಯಸ್ಸಿನಲ್ಲಿ ಇವನಿಗೆ ಇದೆಂಥ ಬುದ್ಧಿ ಎಂಬಂತೆ ಅವರು ಕಿಟಕಿಯ ಕಡೆ ತಿರುಗುತ್ತಾರೆ. ಹಾಗೆ ತಿರುಗಿದವರಲ್ಲಿ ಒಬ್ಬರು ಆ ಅಕ್ಕನೇ ಆಗಿದ್ದರೂ ನನಗೆ ತಿಳಿಯುವುದಿಲ್ಲ.