ಅತ್ತೆ ತೋರಿಸಿದ ಕಲೆ

“ಅಂಗಿ ಮ್ಯಾಲೆತ್ತಪಾ, ನಿಮ್ಮ ದೊಡ್ಡವ್ವ ನೋಡ್ಲಿ,” ಎಂದರು ಅತ್ತೆ, ಆಫೀಸಿಗೆ ಹೊರಟಿದ್ದ ನನ್ನ ಯಜಮಾನರಿಗೆ.

ದೊಡ್ಡವ್ವ ಎಂದರೆ ಅತ್ತೆಯ ಅಕ್ಕ. ಮುಗದದಿಂದ ಬೈರಿದೇವರಕೊಪ್ಪದ ನಮ್ಮ ಮನೆಗೆ ಅವರು ಬಂದದ್ದೇ ನನ್ನ ಕೂಸಿಗಾಗಿ. ಹತ್ತು ತಿಂಗಳ ಮಗಳಿಗೆ ಮೇಲಿಂದ ಮೇಲೆ ದಮ್ಮು ಬಂದು ಎದೆ ಸುಂಯ್‌ಗುಡುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಸ್ಟೀರಾಯ್ಡ್ ಇನ್‌ಹೇಲರ್ ಪಂಪು ಬರೆದುಕೊಟ್ಟು, ಕೂಸು ಆರಾಮಿದ್ದರೂ ದಿನಾ ಕೊಡಲೇಬೇಕು ಎಂದಿದ್ದರು. ದೊಡ್ಡವ್ವನಿಗೆ ಅದು ಸರಿಬರಲಿಲ್ಲ. “ಪಂಪಿನ ಚಟ ಹತ್ತಿದ್ರ ಬಿಡೂದಿಲ್ಲ. ಊರಿಗೆ ಒಯ್ದು ಹೊಟ್ಟಿಗೆ ಕಾಸಿದ ಕಬ್ಬಿಣದ್ದೊಂದು ಬರಿ ಹಾಕಸ್ತೇನಿ,” ಎಂದು ಕೂಸನ್ನು ಎತ್ತಿಕೊಂಡೇ ಬಿಟ್ಟಿದ್ದರು. ಅತ್ತೆಯೂ ಹೂಂ ಅಂದುಬಿಟ್ಟರೆ ಎಂದು ನನಗೆ ಹೆದರಿಕೆ.

ಯಜಮಾನರು ನಾಚುತ್ತ ಅಂಗಿ ಎತ್ತಿದರು. ಹೊಕ್ಕುಳ ಪಕ್ಕದಲ್ಲಿ ಹೆಬ್ಬೆರಳಗಲದ ಸುಟ್ಟ ಕಲೆಯಿತ್ತು.

“ಇವ ಕೂಸಿದ್ದಾಗ ನಿನ್ನ ಮಾತ ಕೇಳಿ ಹಾಕಿಸಿದ್ದೆ, ಅಕ್ಕಾ. ದಮ್ಮೇನ ಹೋಗಲಿಲ್ಲ. ಇವ ಚೀರಿದ್ದು ಮಾತ್ರ ಇನ್ನೂ ನನ್ನ ಕಿವ್ಯಾಗ ಐತಿ.”

ಅತ್ತೆ ಅಕ್ಕನ ಕೈಯಿಂದ ಕೂಸನ್ನು ಇಸಿದುಕೊಂಡು ತೊಡೆಯ ಮೇಲೆ ಕೂರಿಸಿಕೊಂಡರು. ಪಂಪಿನ ಕೊಳವೆಗೆ ಸಿಕ್ಕಿಸಿದ ಮಾಸ್ಕನ್ನು ಮೊದಲು ತಮ್ಮ ಮುಖಕ್ಕೆ ಹಿಡಿದು ಕೂಸನ್ನು ನಗಿಸಿದರು, ಆಮೇಲೆ ಅದರ ಮೂಗು-ಬಾಯಿಗೆ ಮೆಲ್ಲಗೆ ಒತ್ತಿ ಹಿಡಿದರು. ನಾನು ಪಂಪು ಒತ್ತಿದೆ.

ಮಗಳೀಗ ಶಾಲೆಗೆ ಹೋಗುತ್ತಾಳೆ, ಪಂಪು ಬಿಟ್ಟಾಗಿದೆ. ಅತ್ತೆ ಇಲ್ಲ. ಮಗಳಿಗೆ ಎಣ್ಣೆ ಹಚ್ಚಿ ಎರೆಯುವಾಗ, ಅವಳ ನುಣ್ಣನೆಯ ಹೊಟ್ಟೆಯ ಮೇಲೆ ನನ್ನ ಕೈ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದೆ.