ತಾಯಿ ಊಟವೆಂದು ಹೋದದ್ದು

ಛಾವಣಿಯ ಕೆಳಗೆ ಒಂದು ಬೀದಿ ಇತ್ತು. ಏಸಿ ಹಾಕಿದ ಹೋಟೆಲಿನೊಳಗೆ ತಗಡಿನ ಮಾಡು, ಕೆಂಪು ಪ್ಲಾಸ್ಟಿಕ್ ಸ್ಟೂಲು, ನಡುವೆ ತಳ್ಳುಗಾಡಿ. ಗಾಡಿಗೆ ಚಕ್ರಗಳಿದ್ದವು, ಆದರೆ ಅದನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದರು. ನಮ್ಮ ಗದಗಿನಲ್ಲಿ ಗಾಡಿಯ ಮುಂದೆ ನಿಂತು ಮಿರ್ಚಿ ತಿನ್ನುವವರು ಪರಿಚಯದವರ ಕಣ್ಣು ತಪ್ಪಿಸುತ್ತಾರೆ. ವೈಟ್‌ಫೀಲ್ಡಿನಲ್ಲಿ ಜನ ಕಾರು ಹತ್ತಿ, ಇಸ್ತ್ರಿ ಅಂಗಿ ತೊಟ್ಟು, ಬೀದಿಯಲ್ಲಿ ಕೂರಲೆಂದೇ ಬರುತ್ತಿದ್ದರು.

ಎರಡು ವರ್ಷದ ಹಿಂದಿನ, ತೊಂಬತ್ತೈದರ ಮಾತಿದು. ನನ್ನ ಯಜಮಾನರಿಗೆ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಕೆಲಸ, ನಮಗೆ ಚಂದಾಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಶೇಂಗಾ ಎಂದರೆ ಅಂಗಡಿಯವನು ಮುಖ ನೋಡುತ್ತಿದ್ದ, ಕಡ್ಲೆಕಾಯಿ ಬೀಜ ಎನ್ನಲು ಆಗತಾನೆ ಕಲಿತಿದ್ದೆ.

"ಐತವಾರ ಮ್ಯಾನೇಜರ್ ಸಾಹೇಬ್ರು ನಮ್ಮಿಬ್ರನ್ನೂ ಥಾಯ್ ಊಟಕ್ಕ ಕರದಾರ" ಎಂದರು ಇವರು. ನನ್ನ ಕಿವಿಗೆ ಬಿದ್ದದ್ದು ತಾಯಿ ಊಟ. ಯಾರೋ ಹೆಣ್ಣುಮಗಳು ನಡೆಸುವ ಖಾನಾವಳಿ ಇರಬೇಕು, ರೊಟ್ಟಿ ಎಣಗಾಯಿ ಸಿಕ್ಕೀತೆಂದು ಇಳಕಲ್ ಸೀರೆ ಉಟ್ಟು ಹೊರಟೆ.

ಮ್ಯಾನೇಜರರು ಬೆಂಗಳೂರಿನವರೇ. ಎದ್ದು ನಿಂತು ನನಗೆ ಕೈಮುಗಿದರು. ಅಷ್ಟು ದೊಡ್ಡವರು ಕೆಲಸದವನ ಹೆಂಡತಿಗೆ ಎದ್ದು ನಿಂತದ್ದೇ ನನಗೆ ಸರಿ ಬರಲಿಲ್ಲ. ಮೊದಲು ಹುಳಿಹುಳಿ ಸೂಪು ಬಂತು. ಅದರ ಹೆಸರು ಟಾಮ್ ಯಮ್ ಎಂದರು. ಊಟದ ಹೆಸರಿನಲ್ಲೇ ಯಮನಿದ್ದಾನಲ್ಲ ಎಂದು ನಾನು ನಕ್ಕೆ, ಇವರು ನಗಲಿಲ್ಲ.

"ನಾವು ಲಿಂಗಾಯತರು, ಮೀನು ಮಾಂಸ..." ಎಂದು ನಾನು ಶುರು ಮಾಡುವಷ್ಟರಲ್ಲಿ ಅವರೇ ಅಂದರು, "ಗೊತ್ತು ಮೇಡಂ. ಮೀನಿನ ಸಾಸ್ ಹಾಕ್ಬೇಡಿ ಅಂತ ನಾನೇ ಹೇಳಿದೀನಿ. ಕೇಳಿದ್ರೆ ಅಲ್ಲೂ ಮಾಡ್ಕೊಡ್ತಾರೆ."

ಅಲ್ಲೂ. ಎಲ್ಲಿ ಎಂದು ಕೇಳಬೇಕಿತ್ತು. ಅಷ್ಟರಲ್ಲಿ ಅಗಲ ಶಾವಿಗೆಯಂಥದ್ದು ಬಂತು, ಮೇಲೆ ಶೇಂಗಾ ಕುಟ್ಟಿ ಉದುರಿಸಿದ್ದರು. ನನಗೆ ತವರಿನವರೇ ಎದುರಾದಷ್ಟು ಖುಷಿಯಾಯಿತು. ಉಣಿಸಿದವರ ಮುಂದೆ ಎರಡು ಒಳ್ಳೆಯ ಮಾತಾಡದೆ ಕೈ ತೊಳೆಯುವ ರೂಢಿ ನಮ್ಮ ಕಡೆ ಇಲ್ಲ. ಆ ಶಾವಿಗೆ ಸಿಹಿಯಾಗಿತ್ತು, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ "ಭಾಳ ಚಲೋ ಆಗೇತ್ರಿ. ದಿನಾ ಹಾಕಿದ್ರೂ ಉಣ್ಣಬಹುದು" ಎಂದೆ.

ಮ್ಯಾನೇಜರರು ಚಮಚ ಕೆಳಗಿಟ್ಟು ಇವರ ಕಡೆ ತಿರುಗಿದರು. "ನೋಡಿದ್ರಾ? ಮನೆಯವ್ರನ್ನ ಕೇಳ್ಬೇಕು ಅಂತಿದ್ರಲ್ಲ, ಅವ್ರೇ ಒಪ್ಕೊಂಡ್ಬಿಟ್ರು. ಮಷೀನ್‌ಗಳು ಮುಂದಿನ ತಿಂಗಳು ಹಡಗು ಹತ್ತತ್ತೆ, ಜೊತೆಗೆ ನೀವೂ ಹೊರಡಿ."

ಆಮೇಲೆ ಅವರೇ ಬಿಡಿಸಿ ಹೇಳಿದರು. ಬೊಮ್ಮಸಂದ್ರದ ಶೆಡ್ಡನ್ನು ಮುಚ್ಚಿ ಯಂತ್ರಗಳನ್ನು ಥಾಯ್ಲೆಂಡಿಗೆ ಸಾಗಿಸುತ್ತಾರಂತೆ. ಜೊತೆಗೆ ಹೋದವರಿಗೆ ಕೆಲಸ ಉಳಿಯುತ್ತದೆ, ಹೆಂಡತಿಯನ್ನು ಕರೆದೊಯ್ಯುವಂತಿಲ್ಲ. ನಾನು ಬಾಯಿ ತೆರೆದೆ. ಮ್ಯಾನೇಜರರು "ಇನ್ನೊಂಚೂರು ಹಾಕ್ಸ್ಕೊಳಿ ಮೇಡಂ" ಎಂದು ನನ್ನ ತಟ್ಟೆಗೆ ಬಡಿಸಿದರು.

ಬಸ್ ಸ್ಟಾಪಿನಲ್ಲಿ ಇವರನ್ನು ತರಾಟೆಗೆ ತೆಗೆದುಕೊಂಡೆ. "ಮೊದಲಽ ನನಗ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಅಳತಿದ್ದಿ. ಅಲ್ಲಿ ನೀ ಒಲ್ಲೆ ಅಂದಿದ್ರ ನಾನೂ ಒಲ್ಲೆ ಅಂತಿದ್ದೆ."

"ನನ್ನ ಯಾರು ಕೇಳಿದ್ರು?"

ಇವರು ಬಂದ ಬಸ್ಸಿಗೆ ಕೈ ಅಡ್ಡ ಹಾಕಿದರು. ಹೋಗುವ ಆಸೆ ಇವರಿಗೂ ಇತ್ತೇ? ಆ ಅನುಮಾನ ಅಂದು ಹೊಕ್ಕಿದ್ದು ಇನ್ನೂ ಹೋಗಿಲ್ಲ.

ಇವರು ಹೋದರು. ನಾನು ಗದಗಿಗೆ ಮರಳಲಿಲ್ಲ, ಇವರು ಬಂದರೆ ಚಂದಾಪುರಕ್ಕೇ ಬರಬೇಕಲ್ಲ ಎಂದು ಉಳಿದೆ. ವಾರಕ್ಕೊಮ್ಮೆ ಎಸ್‌ಟಿಡಿ ಬೂತಿಗೆ ಫೋನು ಬರುತ್ತದೆ. ಇಷ್ಟು ದಿನ "ಈಗ ರೂಮಿಗೆ ಬಂದೆ" ಎಂದು ಮಾತು ಶುರು ಮಾಡುತ್ತಿದ್ದರು. ಮೊನ್ನೆ "ಈಗ ಮನೀಗೆ ಬಂದೆ" ಎಂದರು. ತಪ್ಪಿ ಅಂದಿರಬೇಕೆಂದು ಸ್ವಲ್ಪ ಹೊತ್ತು ಕಾದೆ. ಅವರು ತಿದ್ದಿಕೊಳ್ಳಲಿಲ್ಲ.